ಅಲ್ಸರ್ ಇದ್ದವರು ರೋಜಾ (ರಂಜಾನ್ ಉಪವಾಸ) ಇಡಬಹುದಾ? ಹೋದ ವರ್ಷ ಮುಚ್ಚಿಟ್ಟೆ, ಈ ವರ್ಷ ಕೇಳುತ್ತಿದ್ದೇನೆ

ಕತ್ತರಿ_ಸೂಜಿ (ಹಳೇ ಹುಬ್ಬಳ್ಳಿ), 10 ಫೆಬ್ರವರಿ 2025

ಎಲ್ಲರಿಗೂ ಸಲಾಂ, ನಮಸ್ಕಾರ. ನಾನು ಹಳೇ ಹುಬ್ಬಳ್ಳಿಯಲ್ಲಿ ಟೇಲರ್. ವಯಸ್ಸು 41. ರಂಜಾನ್‌ಗೆ ಇನ್ನು ಮೂರು ವಾರ ಉಳಿದಿದೆ. ಈ ಮಾತನ್ನು ಮನೆಯಲ್ಲಿ ಕೇಳಲು ಧೈರ್ಯ ಇಲ್ಲ. ಮೊಹಲ್ಲಾದಲ್ಲಿ ಕೇಳಿದರೆ ಸಂಜೆಯೊಳಗೆ ಅಬ್ಬಾನ ಕಿವಿಗೆ ಬೀಳುತ್ತದೆ. ಅದಕ್ಕೆ ಇಲ್ಲಿ ಬಂದೆ.

2023ರ ದೀಪಾವಳಿ ಹೊತ್ತಿಗೆ ಎದೆಗೂಡಿನ ಕೆಳಗೆ ಉರಿ ಶುರುವಾಯಿತು. ಹಸಿದಾಗ ಜಾಸ್ತಿ. ಉಂಡರೆ ಸ್ವಲ್ಪ ತಣ್ಣಗೆ. ರಾತ್ರಿ ಎರಡಕ್ಕೆ ಎಚ್ಚರ ಆಗುತ್ತಿತ್ತು. ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಸೋಡಾ ಕುಡಿದೆ. ಕೊನೆಗೆ ಬಾಯಿಂದ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಎಂಡೋಸ್ಕೋಪಿ ಮಾಡಿದರು. ಹೊಟ್ಟೆ ದಾಟಿ ಕರುಳು ಶುರುವಾಗುವ ಜಾಗದಲ್ಲಿ ಹುಣ್ಣು ಆಗಿದೆ, ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದೆ ಅಂದರು. 14 ದಿನ ಮಾತ್ರೆ ನುಂಗಿದೆ. ಆರಾಮಾಯಿತು. ಮತ್ತೆ ಆ ಕಡೆ ಹೋಗಲಿಲ್ಲ.

ನಮ್ಮ ಕಸುಬು ನಿಮಗೆ ಗೊತ್ತು. ರಂಜಾನ್ ಅಂದರೆ ನಮಗೆ ಸೀಸನ್. ಕುರ್ತಾ, ಪಠಾಣಿ, ಹುಡುಗರ ಶೇರ್ವಾನಿ, ಎಲ್ಲ ಈದ್ ಚಾಂದ್ ಕಾಣುವುದರೊಳಗೆ ಕೊಡಬೇಕು. ತರಾವೀಹ್, ಅಂದರೆ ರಂಜಾನ್ ರಾತ್ರಿಯ ನಮಾಜ್, ಮುಗಿಸಿ ಅಂಗಡಿಗೆ ಬಂದರೆ ರಾತ್ರಿ ಮೂರರವರೆಗೆ ಮಷೀನು. ನಡುವೆ ಆರೇಳು ಚಹಾ. ಮನೆಗೆ ಹೋಗಿ ಉಳಿದ ಬಿರಿಯಾನಿಯಲ್ಲೇ ಸಹರಿ (ರೋಜಾ ಶುರುವಾಗುವ ಮುಂಚಿನ ನಸುಕಿನ ಊಟ) ಮುಗಿಸಿ, ಫಜರ್ ನಮಾಜ್ ಓದಿ ಬಿದ್ದುಕೊಳ್ಳುವುದು. ಹೋದ ವರ್ಷ 20ನೇ ರೋಜಾ ದಾಟಿದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಹೊಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಂತೆ ಆಗುತ್ತಿತ್ತು. ಜತೆಗೆ ತಲೆನೋವು. ಇಫ್ತಾರ್ ಆದ ಕೂಡಲೇ ನೋವಿನ ಮಾತ್ರೆ ನುಂಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. 30 ರೋಜಾ ಪೂರ್ತಿ ಮಾಡಿದೆ.

ಈಗ ಮತ್ತೆ ಉರಿ ಶುರುವಾಗಿದೆ. ರೋಜಾ ಇಡಬಹುದಾ? ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು? ಬಿಟ್ಟರೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ.

ಬೆಟಗೇರಿ_ಮಗ್ಗ (ಗದಗ)

ನನಗೂ ಇದೇ ತ್ರಾಸು, 10 ವರ್ಷದಿಂದ. ಸಹರಿಗೆ ಒಂದು ಲೋಟ ತಣ್ಣನೆಯ ಹಾಲು ಕುಡಿಯಿರಿ. ಏನೂ ಆಗುವುದಿಲ್ಲ. ನಾನು ಒಂದೂ ಬಿಟ್ಟಿಲ್ಲ.

ಸಬರ್_ಇರಲಿ

ರೋಜಾದಿಂದ ಹೊಟ್ಟೆಗೆ ವಿಶ್ರಾಂತಿ ಸಿಗುತ್ತದೆ, ರೋಗ ಹೋಗುತ್ತದೆ. ನಮ್ಮ ಅಜ್ಜಂದಿರು ಹೊಲದಲ್ಲಿ ದುಡಿಯುತ್ತಾ ಇಡುತ್ತಿದ್ದರು. ಈಗಿನವರಿಗೆ ಸ್ವಲ್ಪ ಉರಿ ಬಂದರೆ ನೆಪ ಸಿಕ್ಕಂತೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಭಾಯಿ.

ಔಷಧಿ_ಅಂಗಡಿ (ಧಾರವಾಡ)

ಟೇಲರ್ ಅಣ್ಣ, ನಿಮ್ಮ ಬರಹದಲ್ಲಿ ನನಗೆ ಹೆದರಿಕೆ ಆದದ್ದು ರೋಜಾ ನೋಡಿ ಅಲ್ಲ, ತಲೆನೋವಿನ ಮಾತ್ರೆ ನೋಡಿ. 22 ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಪ್ರತಿ ರಂಜಾನ್‌ನ ಮೊದಲ ವಾರ ಇದೇ ಕಥೆ. ದಿನಕ್ಕೆ ಎಂಟು ಚಹಾ ಕುಡಿಯುವವರು ಹಗಲು ಒಮ್ಮೆಲೇ ನಿಲ್ಲಿಸುತ್ತಾರೆ. ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ. ಸಂಜೆಯ ಮಗ್ರಿಬ್ ನಮಾಜ್ ಆದ ಕೂಡಲೇ ನನ್ನ ಅಂಗಡಿಗೆ ಬಂದು "ಒಂದು ಜೋರಾದ ಮಾತ್ರೆ ಕೊಡಿ" ಅನ್ನುತ್ತಾರೆ. ಡೈಕ್ಲೋಫೆನ್ಯಾಕ್, ಐಬುಪ್ರೊಫೇನ್, ಆಸ್ಪಿರಿನ್ ಈ ಜಾತಿಯ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕಾಯುವ ವ್ಯವಸ್ಥೆಯನ್ನೇ ಕುಂದಿಸುತ್ತವೆ. ಹುಣ್ಣಿದ್ದವರಿಗೆ ಅದು ಬೆಂಕಿಗೆ ಸೀಮೆಎಣ್ಣೆ. ತಲೆನೋವಿಗೆ ಬೇಕೇ ಬೇಕು ಅಂದರೆ ಪ್ಯಾರಾಸಿಟಮಾಲ್ ಹೊಟ್ಟೆಗೆ ಹಗುರ. ಆದರೆ ಯಾರಿಗಾದರೂ ಹೃದಯಕ್ಕೆ ಅಂತ ಡಾಕ್ಟರ್ ಆಸ್ಪಿರಿನ್ ಬರೆದಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಅವರನ್ನೇ ಕೇಳಿ.

ಚಹಾಕ್ಕೆ ಉಪಾಯ ಬೇರೆ ಇದೆ. ಇವತ್ತಿನಿಂದಲೇ ಮೂರು ದಿನಕ್ಕೊಂದು ಕಪ್ ಕಡಿಮೆ ಮಾಡುತ್ತಾ ಬನ್ನಿ. ರಂಜಾನ್ ಬರುವಷ್ಟರಲ್ಲಿ ಎರಡಕ್ಕೆ ಇಳಿದರೆ ತಲೆನೋವೇ ಬರುವುದಿಲ್ಲ, ಮಾತ್ರೆಯೂ ಬೇಡ.

ಇನ್ನು ಆಸಿಡ್ ಮಾತ್ರೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್ ಎಲ್ಲ ಒಂದೇ ಮನೆತನ. ಇವು ಉಣ್ಣುವುದಕ್ಕೆ ಅರ್ಧ ಗಂಟೆ ಮೊದಲು ಹೊಟ್ಟೆಗೆ ಹೋಗಬೇಕು. ಊಟ ಬಿದ್ದಾಗ ಆಸಿಡ್ ತಯಾರಿಸುವ ಪಂಪುಗಳು ಎದ್ದು ಕೂರುತ್ತವೆ. ಮಾತ್ರೆ ಹಿಡಿಯುವುದು ಹಾಗೆ ಎದ್ದವನ್ನೇ. ಬಹಳ ಜನ ಬಿರಿಯಾನಿ ತಿಂದು, ಉರಿ ಶುರುವಾದ ಮೇಲೆ ನುಂಗಿ "ಈ ಮಾತ್ರೆ ನನಗೆ ಹತ್ತುವುದಿಲ್ಲ" ಅನ್ನುತ್ತಾರೆ. ಹತ್ತುವುದು ಹೇಗೆ? ದಿನಕ್ಕೆ ಒಂದೇ ಬರೆದಿದ್ದರೆ ಸಹರಿಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ ನುಂಗಿ. ಅಡಿಗೆ ಬಿಸಿಯಾಗುವ ಹೊತ್ತಿಗೆ ಅರ್ಧ ಗಂಟೆ ಆಗಿರುತ್ತದೆ. ಎರಡು ಬರೆದಿದ್ದರೆ ಇನ್ನೊಂದು ಇಫ್ತಾರ್‌ಗೆ. ಖರ್ಜೂರ, ನೀರು, ಮಾತ್ರೆ. ಆಮೇಲೆ ಮಗ್ರಿಬ್ ನಮಾಜ್. ಬಂದು ಊಟ. ನಮಾಜಿನ ಹೊತ್ತು ಮಾತ್ರೆಗೆ ಹೇಳಿ ಮಾಡಿಸಿದ ಹಾಗಿದೆ. ಮಾತ್ರೆಯನ್ನು ಕಚ್ಚಬೇಡಿ, ಪುಡಿ ಮಾಡಬೇಡಿ.

ಸಿಹಿ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ತಾತ್ಕಾಲಿಕ. ಪುಡಿ ಸೋಡಾ ಇನ್ನೂ ತಾತ್ಕಾಲಿಕ. ಅದರಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇದ್ದವರು ದೂರ ಇರಿ.

ಹಾವೇರಿ_ವೈದ್ಯ

ನಾನು ತಾಲೂಕು ಮಟ್ಟದಲ್ಲಿ ಕೆಲಸ ಮಾಡುವ ವೈದ್ಯ. ನೋಡದೆ ಚಿಕಿತ್ಸೆ ಹೇಳುವುದಿಲ್ಲ. ಎರಡು ಪ್ರಶ್ನೆ ಮಾತ್ರ ಕೇಳುತ್ತೇನೆ.

ಒಂದು. ಆಗ 14 ದಿನದ ಕೋರ್ಸ್ ಮುಗಿಸಿದ ಮೇಲೆ ಆ ಬ್ಯಾಕ್ಟೀರಿಯಾ ಹೋಯಿತೇ ಇಲ್ಲವೇ ಎಂದು ಮತ್ತೆ ಪರೀಕ್ಷೆ ಮಾಡಿಸಿದಿರಾ? ಉರಿ ಹೋದರೆ ಬ್ಯಾಕ್ಟೀರಿಯಾ ಹೋಯಿತು ಅಂತಲ್ಲ. ಈಗಿನ ದಿನಗಳಲ್ಲಿ ಹಲವು ಆಂಟಿಬಯೋಟಿಕ್‌ಗಳಿಗೆ ಅದು ಬಗ್ಗುವುದಿಲ್ಲ. ಕೋರ್ಸ್ ಮುಗಿದು ಕನಿಷ್ಠ 4 ವಾರ ಆದ ಮೇಲೆ, ಆಸಿಡ್ ಮಾತ್ರೆ 2 ವಾರ ನಿಲ್ಲಿಸಿ, ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸಬೇಕು. ರಕ್ತದ ಪರೀಕ್ಷೆ ಇದಕ್ಕೆ ಪ್ರಯೋಜನ ಇಲ್ಲ. ಹಳೆಯ ಸೋಂಕಿಗೂ ಅದು ಪಾಸಿಟಿವ್ ತೋರಿಸುತ್ತದೆ.

ಎರಡು. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗಿದೆಯೇ? ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು? ತೂಕ ಇಳಿದಿದೆಯೇ? ನುಂಗುವಾಗ ಅಡ್ಡ ಸಿಕ್ಕಿಕೊಳ್ಳುತ್ತದೆಯೇ? ಇದರಲ್ಲಿ ಯಾವುದಾದರೂ ಒಂದಿದ್ದರೆ ಇಲ್ಲಿ ಚರ್ಚೆ ಬೇಡ, ಇವತ್ತೇ ಆಸ್ಪತ್ರೆಗೆ ಹೋಗಿ.

ಬೆಟಗೇರಿಯವರೇ, ಹಾಲು ಕುಡಿದಾಗ ತಂಪೆನಿಸುವುದು ನಿಜ. ಆದರೆ ಹಾಲನ್ನು ಅರಗಿಸಲು ಹೊಟ್ಟೆ ಮತ್ತೆ ಆಸಿಡ್ ಬಿಡುತ್ತದೆ. ಎರಡು ತಾಸಿಗೆ ಉರಿ ವಾಪಸ್. ಸಬರ್ ಅವರೇ, ಹೊಟ್ಟೆ ಖಾಲಿ ಇದ್ದರೆ ಆಸಿಡ್ ರಜೆ ಹಾಕುವುದಿಲ್ಲ. ಅದು ಬರುತ್ತಲೇ ಇರುತ್ತದೆ. ಒಳಪದರ ಗಟ್ಟಿ ಇದ್ದವರಿಗೆ 13 ತಾಸಿನ ಉಪವಾಸದಿಂದ ಏನೂ ಆಗುವುದಿಲ್ಲ. ಸಾಮಾನ್ಯ ಎದೆಯುರಿ ಇರುವ ಎಷ್ಟೋ ಜನ ಮಾತ್ರೆ, ಊಟ ಸರಿಮಾಡಿಕೊಂಡು ರೋಜಾ ಇಡುತ್ತಾರೆ. ನಾನೇ ಸರಿ ಅಂದಿದ್ದೇನೆ. ಒಳಗೆ ಹಸಿ ಹುಣ್ಣು ಇದ್ದವರ ಮಾತು ಬೇರೆ. ಎರಡೂ "ಗ್ಯಾಸ್ಟ್ರಿಕ್" ಅನ್ನುವ ಒಂದೇ ಹೆಸರಿನಲ್ಲಿ ಓಡಾಡುತ್ತಿರುವುದೇ ನಮ್ಮ ಕಡೆಯ ಸಮಸ್ಯೆ.

ಕತ್ತರಿ_ಸೂಜಿ

ಡಾಕ್ಟ್ರೇ, ಮರುಪರೀಕ್ಷೆ ಮಾಡಿಸಿಲ್ಲ. ಮಾಡಿಸಬೇಕು ಅಂತಲೂ ಗೊತ್ತಿರಲಿಲ್ಲ. ಚೀಟಿಯಲ್ಲಿ ಬರೆದಿದ್ದರು ಅಂತ ಹೆಂಡತಿ ಈಗ ಹುಡುಕಿ ತೋರಿಸಿದಳು. ಮಡಚಿದ ಜಾಗದಲ್ಲಿ ಇತ್ತು. ಕಪ್ಪು ಮಲ ಇಲ್ಲ. ತೂಕ ಎರಡು ಕಿಲೋ ಇಳಿದಿದೆ. ಹೋದ ವರ್ಷದ ಪ್ಯಾಂಟು ನಾನೇ ಹಿಡಿಸಿಕೊಂಡೆ, ಆಗಲೂ ತಲೆಗೆ ಹೋಗಲಿಲ್ಲ ನೋಡಿ. ಆಸಿಡ್ ಮಾತ್ರೆ ವರ್ಷದಿಂದ ಇಲ್ಲ. ಸಿರಪ್ ಮಾತ್ರ.

ನೋವಿನ ಮಾತ್ರೆ ಡೈಕ್ಲೋಫೆನ್ಯಾಕ್. ಡಬ್ಬಿ ನೋಡಿ ಬಂದು ಬರೆಯುತ್ತಿದ್ದೇನೆ.

ಸವಣೂರು_ಮದರಸಾ

ಅಸ್ಸಲಾಮು ಅಲೈಕುಮ್. ಸಬರ್ ಅವರ ಮಾತಿಗೆ ಉತ್ತರ ಕೊಡದೆ ಹೋಗಲು ಮನಸ್ಸು ಒಪ್ಪಲಿಲ್ಲ.

ರೋಜಾ ಕಡ್ಡಾಯ ಮಾಡಿದ ಕುರಾನಿನ ಆಯತ್‌ಗಳ (ವಚನಗಳ) ಜತೆಗೇ ರೋಗಿಯ ವಿನಾಯಿತಿ ಬಂದಿದೆ. ಸೂರಾ ಬಕರಾದ 184 ಮತ್ತು 185 ತೆರೆದು ನೋಡಿ. ಕಾಯಿಲೆಯವರು, ಪ್ರಯಾಣದಲ್ಲಿ ಇರುವವರು ಬೇರೆ ದಿನಗಳಲ್ಲಿ ಲೆಕ್ಕ ಪೂರ್ತಿ ಮಾಡಲಿ ಎಂದಿದೆ. ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂದು ಅಲ್ಲೇ ಇದೆ. ಇದನ್ನು ನೆಪ ಅನ್ನಲು ನಾನು ಯಾರು, ನೀವು ಯಾರು?

ವಾಸಿಯಾಗುವ ಕಾಯಿಲೆ ಇದ್ದರೆ ಬಿಟ್ಟ ರೋಜಾಗಳನ್ನು ಆಮೇಲೆ ಬೇರೆ ದಿನ ಇಟ್ಟು ತೀರಿಸಬೇಕು, ಅದೇ ಕಜಾ. ಮುಂದಕ್ಕೂ ಇಡಲು ಆಗುವುದೇ ಇಲ್ಲ ಎನ್ನುವಂಥ ಕಾಯಿಲೆ ಅಥವಾ ಮುಪ್ಪು ಇದ್ದರೆ ಫಿದ್ಯಾ, ಅಂದರೆ ಒಂದು ರೋಜಾಕ್ಕೆ ಒಬ್ಬ ಬಡವನಿಗೆ ಊಟ. ನಿಮ್ಮದು ಮೊದಲನೆಯದು. "ದುಡ್ಡು ಕೊಟ್ಟು ಮುಗಿಸುತ್ತೇನೆ" ಅನ್ನುವ ಹಾಗಿಲ್ಲ. ರೋಜಾ ಇಟ್ಟು ನಡುವೆ ನಿಜವಾಗಿ ತಡೆಯಲಾಗದ ನೋವು ಬಂದರೆ ಮುರಿಯಬಹುದು. ಆ ಒಂದು ದಿನದ ಕಜಾ ಸಾಕು. 60 ದಿನದ ಕಫ್ಫಾರಾ, ಅಂದರೆ ಪ್ರಾಯಶ್ಚಿತ್ತದ ರೋಜಾ, ಅಂತ ಹೆದರಿಸುತ್ತಾರೆ. ಅದು ಕಾರಣವಿಲ್ಲದೆ, ಬೇಕೆಂದೇ ಮುರಿದವನಿಗೆ.

ಕಜಾಕ್ಕೆ ಡಿಸೆಂಬರ್ ಒಳ್ಳೆಯದು. ನಮ್ಮ ಕಡೆ ಮಾರ್ಚ್‌ನ ರೋಜಾ 13 ತಾಸು ದಾಟುತ್ತದೆ. ಡಿಸೆಂಬರ್‌ನಲ್ಲಿ ಹನ್ನೆರಡೂವರೆ. ಉಳಿಯುವುದು ಮುಕ್ಕಾಲು ತಾಸು ಅಷ್ಟೇ, ಆದರೆ ಈ ಬಿಸಿಲು ಇರುವುದಿಲ್ಲವಲ್ಲ.

ಗದಗ_ಮಾಸ್ತರ

ಇಲ್ಲಿ ಯಾರೂ ಖಾರದ ಹೆಸರು ಎತ್ತಲಿಲ್ಲ, ಆಶ್ಚರ್ಯ! ನಮ್ಮ ಕಡೆ ಹೊಟ್ಟೆಯಲ್ಲಿ ಏನಾದರೂ ಮೊದಲು ಬೈಯುವುದು ಮೆಣಸಿನಕಾಯಿಗೆ.

ಹುಣ್ಣಿಗೆ ಖಾರವೇ ಕಾರಣ, ಟೆನ್ಷನ್ನೇ ಕಾರಣ ಅಂತ ಡಾಕ್ಟರುಗಳೂ ಬಹಳ ವರ್ಷ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇಬ್ಬರೂ ಬ್ಯಾಕ್ಟೀರಿಯಾ ಅಂದಾಗ ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪಾಠ ಮಾಡುವಾಗ ಈ ಭಾಗ ಬಂದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಖಾರ ಹುಣ್ಣು ಮಾಡುವುದಿಲ್ಲ, ಆಗಿರುವ ಹುಣ್ಣನ್ನು ಕೆರಳಿಸುತ್ತದೆ. ಅಂದ ಹಾಗೆ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಪಾಪ, ಗುಂಟೂರು ಮಾಡಿದ ತಪ್ಪಿಗೂ ಅದೇ ಬೈಸಿಕೊಳ್ಳುತ್ತದೆ.

ನಸುಕಿನ_ಒಲೆ (ಗಣೇಶಪೇಟೆ, ಹುಬ್ಬಳ್ಳಿ)

ಗಂಡಸರೆಲ್ಲ ಮಾತ್ರೆ, ನೊಬೆಲ್ ಅಂತ ಬರೆದಿರಿ. ಈಗ ಸಹರಿ ಮಾಡುವವಳ ಮಾತು ಕೇಳಿ.

ನನಗೆ ಹುಣ್ಣಿಲ್ಲ. ಹುಳಿ ತೇಗು ಇದೆ, ಮಲಗಿದರೆ ಗಂಟಲಿಗೆ ಬರುತ್ತದೆ. ಎಂಡೋಸ್ಕೋಪಿ ಮಾಡಿ ಅನ್ನನಾಳದ ಬಾಯಿ ಸಡಿಲ ಇದೆ ಅಂದರು. ನಮ್ಮಲ್ಲಿ ಏಳು ಜನ. ನಾನು ಮೂರೂವರೆಗೆ ಏಳುತ್ತೇನೆ. ಎಲ್ಲರಿಗೂ ಬಡಿಸುವಷ್ಟರಲ್ಲಿ ಅಜಾನ್‌ಗೆ ಐದು ನಿಮಿಷ ಉಳಿದಿರುತ್ತದೆ. ನಿಂತಲ್ಲೇ ಎರಡು ತುತ್ತು, ಒಂದು ಲೋಟ ಚಹಾ. ಐದು ವರ್ಷ ಹೀಗೇ ಇಟ್ಟೆ. ನಮ್ಮ ಎಷ್ಟು ಮನೆಗಳಲ್ಲಿ ಇದೇ ನಡೆಯುತ್ತಿದೆ, ಹೆಂಗಸರು ಹೇಳಲಿ ನೋಡೋಣ.

ಈಗ ನಾನು ಮೊದಲು ಕೂರುತ್ತೇನೆ. ಹೌದು, ಮೊದಲು. ಅತ್ತೆಗೆ ಶುರುವಿನಲ್ಲಿ ಸರಿ ಕಾಣಲಿಲ್ಲ. ಒಂದು ದಿನ ರಾತ್ರಿ ನನ್ನ ಕೆಮ್ಮು ಕೇಳಿ ಅವರೇ ತಟ್ಟೆ ಮುಂದೆ ಇಟ್ಟರು.

ಟೇಲರ್ ಭಾಯಿ, ಉಳಿದ ಬಿರಿಯಾನಿ ಬಿಡಿ. ರಾತ್ರಿಯೇ ಜೋಳದ ಹಿಟ್ಟಿನ ಅಂಬಲಿ ಕಾಯಿಸಿ ಇಡಲು ಹೇಳಿ. ಸಹರಿಗೆ ಹುಳಿಯಾಗದ ಮಜ್ಜಿಗೆ ಕಲಸಿ ಕುಡಿದರೆ ಹೊಟ್ಟೆ ತಂಪು, ಮಧ್ಯಾಹ್ನದ ತನಕ ತಡೆಯುತ್ತದೆ. ಅಥವಾ ಹೆಸರುಬೇಳೆ ಕಿಚಡಿ, ಮೇಲೆ ಒಂದು ಚಮಚ ತುಪ್ಪ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮೆತ್ತಗಿನ ರೊಟ್ಟಿ ಜತೆ ಪಡವಲಕಾಯಿ ಅಥವಾ ಹೀರೇಕಾಯಿ ಪಲ್ಯ. ರಂಜಕ, ಹಸಿಮೆಣಸಿನಕಾಯಿ ಚಟ್ನಿ, ಉಪ್ಪಿನಕಾಯಿ ತಟ್ಟೆಯ ಹತ್ತಿರವೂ ಬೇಡ. ಉಪ್ಪು ಜಾಸ್ತಿ ಆದರೆ ಹಗಲು ನೀರಡಿಕೆ ಬೇರೆ.

ಸಹರಿ ಉಂಡು ಕೂಡಲೇ ಮಲಗುವುದು ನನಗೆ ವಿಷ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ತಾಸು ಬಿಡಿ ಅಂತ ಡಾಕ್ಟರ್ ಹೇಳಿದರು. ಸಹರಿ ಆದ ಮೇಲೆ ಅಷ್ಟು ಹೊತ್ತು ಎಚ್ಚರ ಇರುವುದು ಯಾರಿಗೆ ಆಗುತ್ತದೆ? ಹಾಗಾಗಿ ನಾನು ರಾತ್ರಿ ಬೇಗ ಮಲಗಿ ಆ ನಿದ್ದೆ ಮೊದಲೇ ಮುಗಿಸುತ್ತೇನೆ. ಫಜರ್ ನಂತರ ಮಲಗಲೇಬೇಕಾದರೆ ಎಡ ಮಗ್ಗುಲಿಗೆ. ಮಂಚದ ತಲೆಯ ಕಡೆ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಅರ್ಧ ಅಡಿ ಎತ್ತರ ಮಾಡಿದ್ದೇವೆ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಮಾತ್ರ ಮಡಚುತ್ತದೆ, ಹೊಟ್ಟೆ ಅಲ್ಲೇ ಇರುತ್ತದೆ.

ಇಫ್ತಾರ್ ಮಾತು ಹೇಳಲೇಬೇಕು. ಸಂಜೆ ಷಾ ಬಜಾರ್ ಕಡೆ ಹೋದರೆ ಸಮೋಸದ ವಾಸನೆಗೇ ಅರ್ಧ ರೋಜಾ ಸಡಿಲ! ಎಣ್ಣೆಯ ತಿಂಡಿ ಹೊಟ್ಟೆಯಿಂದ ಮುಂದೆ ಹೋಗಲು ಬಹಳ ಹೊತ್ತು ಹಿಡಿಯುತ್ತದೆ. ಮೇಲೆ ಸೋಡಾ, ಮೇಲೆ ನಿಂಬೆ ಶರಬತ್ತು, ಮೇಲೆ ಚಹಾ. ಆಮೇಲೆ ತರಾವೀಹ್‌ನಲ್ಲಿ ಸಜ್ದಾಕ್ಕೆ ಬಗ್ಗಿದಾಗ ಎಲ್ಲ ಗಂಟಲಿಗೆ. ನಮ್ಮಲ್ಲಿ ಈಗ ಎರಡು ಖರ್ಜೂರ, ನೀರು, ಕಲ್ಲಂಗಡಿ. ನಮಾಜ್ ಆದ ಮೇಲೆ ಗಂಜಿ ಅಥವಾ ಅನ್ನ ಸಾರು. ಮಿರ್ಚಿ ಶುಕ್ರವಾರಕ್ಕೊಮ್ಮೆ, ಒಂದೇ. ಮಕ್ಕಳು ಮೊದಲ ವಾರ ಮುಖ ಊದಿಸಿದರು, ಅಷ್ಟೇ.

ನೀರು ಒಮ್ಮೆಲೇ ಒಂದು ತಂಬಿಗೆ ಸುರಿಯಬೇಡಿ. ಎಚ್ಚರ ಇದ್ದಷ್ಟು ಹೊತ್ತು ತಾಸಿಗೊಂದು ಲೋಟ.

ಸವಣೂರು_ಮದರಸಾ

ಬಹನ್ ಬರೆದದ್ದರಲ್ಲಿ ಸುನ್ನತ್ (ಪ್ರವಾದಿಯವರ ರೂಢಿ) ಕೂಡ ಇದೆ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಅಂತ ಹದೀಸ್. ನಾವು ಮೂರನ್ನೂ ಸಮೋಸಕ್ಕೆ ಬರೆದುಕೊಟ್ಟಿದ್ದೇವೆ.

ಲೈನ್_ಬಜಾರ್ (ಧಾರವಾಡ)

ನಮ್ಮವ್ವನ ಏಕಾದಶಿ ನೆನಪಾಯಿತು. ಉಪವಾಸ ಅನ್ನುವುದು, ಫಳಾರಕ್ಕೆ ಎಣ್ಣೆಯಲ್ಲಿ ಕರಿದ ಸಾಬೂದಾಣಿ ವಡೆ, ಶೇಂಗಾ ಉಂಡೆ. ರಾತ್ರಿಯೆಲ್ಲ ಎದೆಯುರಿ. "ದೇವರು ಪರೀಕ್ಷೆ ಮಾಡುತ್ತಾನೆ" ಅನ್ನುತ್ತಾಳೆ. ದೇವರೇನು ಮಾಡಿದ, ವಡೆ ಕರಿದದ್ದು ಅವಳೇ.

ಹೆಸರು_ಬೇಡ (ಕುಂದಗೋಳ)

ಒಂದು ಸಂಶಯ. ನಾಚಿಕೆ ಆಗುತ್ತದೆ, ಆದರೂ ಕೇಳುತ್ತೇನೆ. ರೋಜಾದಲ್ಲಿ ಹುಳಿ ನೀರು ಗಂಟಲಿಗೆ ಬಂದು ವಾಪಸ್ ಹೋದರೆ ರೋಜಾ ಮುರಿಯುತ್ತದಾ? ವಾಂತಿ ಆದರೆ? ಎಂಡೋಸ್ಕೋಪಿ?

ಸವಣೂರು_ಮದರಸಾ

ತಾನಾಗಿ ಗಂಟಲಿಗೆ ಬಂದು ಒಳಗೆ ಹೋದರೆ ಮುರಿಯುವುದಿಲ್ಲ. ಬಾಯಿಗೆ ಬಂದರೆ ಉಗುಳಿ, ಬೇಕೆಂದು ನುಂಗಬೇಡಿ. ತಾನಾಗಿ ಆದ ವಾಂತಿಗೆ ಮುರಿಯುವುದಿಲ್ಲ. ಬೆರಳು ಹಾಕಿ ಮಾಡಿಕೊಂಡರೆ ಮುರಿಯುತ್ತದೆ.

ಎಂಡೋಸ್ಕೋಪಿ ಬಗ್ಗೆ 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಅಕಾಡೆಮಿ ಹೀಗೆ ಹೇಳಿದೆ: ಕೊಳವೆಯ ಜತೆ ದ್ರವ ಅಥವಾ ಬೇರೆ ವಸ್ತು ಒಳಗೆ ಹೋಗದಿದ್ದರೆ ಮುರಿಯುವುದಿಲ್ಲ. ಆದರೆ ಮಾಡುವಾಗ ನೀರು, ಜೆಲ್ ಬಳಸುತ್ತಾರಂತೆ. ಆದಷ್ಟು ರಂಜಾನ್‌ಗೆ ಮೊದಲೇ ಮಾಡಿಸಿ. ತುರ್ತು ಇದ್ದರೆ ಮಾಡಿಸಿಕೊಂಡು, ನಿಮ್ಮ ಮಸೀದಿಯ ಆಲಿಮರನ್ನು ಕೇಳಿ ಕಜಾ ಇಡಿ. ಜೀವದ ಪ್ರಶ್ನೆ ಮೊದಲು.

ಕತ್ತರಿ_ಸೂಜಿ, 21 ಫೆಬ್ರವರಿ 2025

ಹೋಗಿ ಬಂದೆ. ಮತ್ತೆ ಎಂಡೋಸ್ಕೋಪಿ. ಹಳೆಯ ಜಾಗದ ಪಕ್ಕದಲ್ಲೇ ಹೊಸ ಹುಣ್ಣು, ಸಣ್ಣದು. ಬ್ಯಾಕ್ಟೀರಿಯಾ ಹೋಗಿಯೇ ಇರಲಿಲ್ಲ. ಈ ಸಲದ ಕೋರ್ಸ್ ಬೇರೆ, ದಿನಕ್ಕೆ ನಾಲ್ಕು ಹೊತ್ತು ಮಾತ್ರೆ, 14 ದಿನ. ನಾಳೆಯಿಂದ ಶುರು, ಮಾರ್ಚ್ 7ಕ್ಕೆ ಮುಗಿಯುತ್ತದೆ. ನಾಲ್ಕು ಹೊತ್ತಿನ ಮಾತ್ರೆಯನ್ನು ರೋಜಾದಲ್ಲಿ ಕೂರಿಸಲು ಆಗುವುದಿಲ್ಲ, ಒಂದು ಹೊತ್ತು ತಪ್ಪಿಸಿದರೂ ಇದೂ ವ್ಯರ್ಥ ಅಂದರು. ಆಮೇಲೆ ಹತ್ತು ದಿನ ನೋಡಿ, ನೋವಿಲ್ಲದಿದ್ದರೆ ಆಗ ಮಾತಾಡೋಣ ಅಂದಿದ್ದಾರೆ.

ಹೆಂಡತಿಗೆ ಹೇಳಿದ್ದೇನೆ. ಅಬ್ಬಾಗೆ ಇನ್ನೂ ಇಲ್ಲ.

ಹಾವೇರಿ_ವೈದ್ಯ

ಒಳ್ಳೆಯದು. ಆ ಕೋರ್ಸ್‌ನಲ್ಲಿ ಬಿಸ್ಮತ್ ಅನ್ನುವ ಔಷಧಿ ಇದ್ದರೆ ನಾಲಿಗೆ, ಮಲ ಎರಡೂ ಕಪ್ಪಾಗುತ್ತವೆ. ಅದಕ್ಕೆ ಗಾಬರಿ ಬೇಡ. ಆದರೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋಗಿ ತಲೆ ತಿರುಗಿದರೆ, ಅಥವಾ ಒಮ್ಮೆಲೇ ಚೂರಿ ಹಾಕಿದಂತೆ ನೋವು ಬಂದು ಹೊಟ್ಟೆ ಹಲಗೆಯ ಹಾಗೆ ಬಿಗಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಮುಂಡರಗಿ_ಮಣ್ಣು

ಡಾಕ್ಟರ್ ಹೇಳಿದ ಕಪ್ಪು ಮಲ ನಮ್ಮ ತಂದೆಗೆ ಆಗಿತ್ತು. ಮಂಡಿ ನೋವಿಗೆ ದಿನಾ ಮಾತ್ರೆ ನುಂಗುತ್ತಿದ್ದರು. ಕಬ್ಬಿಣದ ಮಾತ್ರೆಯಿಂದ ಅಂತ ನಾವು ಸುಮ್ನೆ ಇದ್ದೆವು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ನಿಜ. ಅವರು ಬಚ್ಚಲಲ್ಲಿ ಬಿದ್ದ ಮೇಲೆ ಗೊತ್ತಾಯಿತು, ಒಳಗೆ ರಕ್ತ ಹೋಗುತ್ತಿತ್ತು. ಮೂರು ಬಾಟಲಿ ರಕ್ತ ಕೊಟ್ಟರು. ಉಳಿದರು.

ಕತ್ತರಿ_ಸೂಜಿ, 4 ಏಪ್ರಿಲ್ 2025

ಈದ್ ಮುಬಾರಕ್. ಆರ್ಡರ್ ಎಲ್ಲ ಕೊಟ್ಟು, ಎರಡು ದಿನ ಮಲಗಿ ಎದ್ದು ಬರೆಯುತ್ತಿದ್ದೇನೆ.

ಈ ಸಲ ನಮ್ಮಲ್ಲಿ 29 ರೋಜಾ. ಮೊದಲ 15 ಬಿಟ್ಟೆ. 16ರಿಂದ ಡಾಕ್ಟರ್ ಹೂಂ ಅಂದರು. ಸಹರಿಗೆ ಮೊದಲು ಒಂದು ಮಾತ್ರೆ, ಇಫ್ತಾರ್‌ಗೆ ಒಂದು. ರಾತ್ರಿಯ ಮಷೀನು ಹನ್ನೆರಡಕ್ಕೆ ಬಂದ್. ಎಂಟು ಆರ್ಡರ್ ಪಕ್ಕದ ಟೇಲರ್‌ಗೆ ಕೊಟ್ಟೆ. ಹೊಟ್ಟೆ ಉರಿಯಿತು, ಈ ಸಲ ಇನ್ನೊಂದು ಅರ್ಥದಲ್ಲಿ. 14 ಇಟ್ಟೆ, ಅದರಲ್ಲಿ 23ನೇದು ಮಧ್ಯಾಹ್ನ ಎರಡೂವರೆಗೆ ನೋವು ಬಂದು ಮುರಿದೆ. ಒಟ್ಟು ಕಜಾ 16. ಡಿಸೆಂಬರ್‌ಗೆ ಬರೆದಿಟ್ಟಿದ್ದೇನೆ. ಬ್ಯಾಕ್ಟೀರಿಯಾ ಹೋಯಿತೋ ಇಲ್ಲವೋ ಎಂದು ಇದೇ ತಿಂಗಳ ಕೊನೆಗೆ ಪರೀಕ್ಷೆ. ಈ ಸಲ ಚೀಟಿ ಮಡಚಿಲ್ಲ, ಅಂಗಡಿಯ ಗೋಡೆಗೆ ಅಳತೆ ಟೇಪಿನ ಪಕ್ಕ ಅಂಟಿಸಿದ್ದೇನೆ.

ಕಷ್ಟವಾದದ್ದು ಮಾತ್ರೆ ಅಲ್ಲ, ಮೊದಲ 15 ದಿನದ ಮಧ್ಯಾಹ್ನದ ಊಟ. ಮೊಹಲ್ಲಾದ ನಡುವೆ ಅಂಗಡಿ. ಎದುರಿಗೆ ಮಸೀದಿ. ಟ್ರಯಲ್ ರೂಮಿನ ಪರದೆ ಎಳೆದು ಒಳಗೆ ಸ್ಟೂಲಿನ ಮೇಲೆ ಡಬ್ಬಿ ಇಟ್ಟು ಉಣ್ಣುತ್ತಿದ್ದೆ. ಹೊರಗೆ ಗುಂಡಿ ಕಾಜಾ ಹಾಕುವ ಹುಡುಗ ಕಾವಲು. ಅವನು ಲಿಂಗಾಯತರ ಹುಡುಗ. ಯಾರಾದರೂ ಬಂದರೆ ಜೋರಾಗಿ ಕೆಮ್ಮಬೇಕು ಅಂತ ಒಪ್ಪಂದ. ಆರನೇ ದಿನ ಅವನಿಗೆ ನಿಜವಾಗಿ ಕೆಮ್ಮು ಬಂತು. ಡಬ್ಬಿ ನಾಲ್ಕು ಸಲ ಮುಚ್ಚಿ ನಾಲ್ಕು ಸಲ ತೆರೆದೆ. ಐದನೇ ಕೆಮ್ಮಿಗೆ "ಥೂ ಬಿಡು" ಅಂತ ಉಣ್ಣುತ್ತಲೇ ಇದ್ದೆ. ಪರದೆ ಸರಿಸಿದ್ದು ಅಬ್ಬಾ.

ಡಬ್ಬಿ ನೋಡಿದರು. ಪಕ್ಕದಲ್ಲಿ ಮಾತ್ರೆಯ ಹಾಳೆ ನೋಡಿದರು. ನನ್ನ ಕಪ್ಪು ನಾಲಿಗೆಯೂ ಕಂಡಿರಬೇಕು. ನಾನು ಎಲ್ಲ ಹೇಳಿದೆ, ಹೋದ ವರ್ಷದ್ದೂ ಸೇರಿ. ಸ್ವಲ್ಪ ಹೊತ್ತು ನಿಂತು, "ಇಲ್ಲಿ ನೂಲು, ಧೂಳು ಬೀಳುತ್ತದೆ. ಮನೆಗೆ ಬಂದು ಉಣ್ಣು" ಅಂದರು. ಅಷ್ಟೇ. ಮರುದಿನದಿಂದ ಒಂದು ಗಂಟೆಗೆ ತಾವೇ ಬಂದು ಗಲ್ಲಾದ ಮೇಲೆ ಕೂರುತ್ತಿದ್ದರು, ನಾನು ಮನೆಗೆ ಹೋಗಿ ಬರುವ ತನಕ. ತಮ್ಮದು ರೋಜಾ, ವಯಸ್ಸು 73.

ನಸುಕಿನ_ಒಲೆ

ಅಂಬಲಿ ಕುಡಿದಿರಾ ಇಲ್ಲವಾ, ಅದನ್ನು ಹೇಳಲೇ ಇಲ್ಲ.

ಕತ್ತರಿ_ಸೂಜಿ

ಕುಡಿದೆ ಬಹನ್. ಮೊದಲ ಎರಡು ದಿನ ಗೋಡೆಗೆ ಹಚ್ಚುವ ಅಂಟು ಕುಡಿದ ಹಾಗೆ ಇತ್ತು. ಹೆಂಡತಿಗೆ ನೀರಿನ ಅಳತೆ ಸಿಕ್ಕ ಮೇಲೆ ಚೆನ್ನಾಗಾಯಿತು. ಈಗ ರಂಜಾನ್ ಇಲ್ಲದಿದ್ದರೂ ಬೆಳಿಗ್ಗೆ ಅದೇ.

ಔಷಧಿ_ಅಂಗಡಿ

ಡೈಕ್ಲೋಫೆನ್ಯಾಕ್ ಡಬ್ಬಿ ಏನಾಯಿತು?

ಕತ್ತರಿ_ಸೂಜಿ

ಮಾತ್ರೆ ಬಿಸಾಕಿದೆ. ಡಬ್ಬಿ ಚೆನ್ನಾಗಿತ್ತು, ಈಗ ಅದರಲ್ಲಿ ಪಠಾಣಿಯ ಗುಂಡಿ ಇಟ್ಟಿದ್ದೇನೆ.